ಓಣಿಗೆ ಹತ್ತಿದ ಹೆಸರು

ಹೊಸ ಊರಿಗೆ ಸಂಸಾರ ಕಟ್ಟಿಕೊಂಡು ಹೋಗುವವನು ಎಲ್ಲರಿಗೂ ಎರಡು ಪ್ರಶ್ನೆ ಕೇಳುತ್ತಾನೆ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ? ಓಣಿ ಹೇಗಿದೆ? ಮೊದಲನೆಯದರ ಉತ್ತರವನ್ನು ನಳದ ಮುಂದೆ ನಿಂತು ನೋಡಿಕೊಳ್ಳಬಹುದು. ಎರಡನೆಯದಕ್ಕೆ ಬೇರೆಯವರ ಬಾಯಿಯನ್ನೇ ನಂಬಬೇಕು. ಆ ಬಾಯಿಗೆ ಮಾತು ಎಲ್ಲಿಂದ ಬಂದಿರುತ್ತದೆ ಎಂದು ನಾನು ತಿಳಿದುಕೊಳ್ಳುವಷ್ಟರಲ್ಲಿ, ಆ ತಿಳಿವಳಿಕೆಯ ಬೆಲೆಯನ್ನು ಬೇರೊಬ್ಬರು ತೆತ್ತಾಗಿತ್ತು.

1986ರ ಜೂನಿನಲ್ಲಿ ನನಗೆ ಹುಬ್ಬಳ್ಳಿಗೆ ವರ್ಗವಾಯಿತು. ನಾನಾಗ ಬ್ಯಾಂಕಿನ ಗುಮಾಸ್ತ. ಅಲ್ಲಿಯವರೆಗೆ ಹಾನಗಲ್ಲ ತಾಲೂಕಿನ ಒಂದು ಹಳ್ಳಿಯಲ್ಲಿ ಇದ್ದವನು. ರಾತ್ರಿ ಬಾಗಿಲಿಗೆ ಚಿಲಕ ಹಾಕುವುದು ನಾಯಿ ಒಳಗೆ ಬರಬಾರದೆಂದು, ಮನುಷ್ಯರು ಬರಬಾರದೆಂದಲ್ಲ. ಅಂಥವನಿಗೆ ಹುಬ್ಬಳ್ಳಿ ಎಂದರೆ ಕೊಪ್ಪಿಕರ ರಸ್ತೆಯ ದೀಪ, ದುರ್ಗದಬೈಲಿನ ಗದ್ದಲ, ಮತ್ತು ಪತ್ರಿಕೆಯ ಒಳಪುಟದ ಕಳವಿನ ಸುದ್ದಿ. ಹೆಂಡತಿ, ನಾಲ್ಕು ವರ್ಷದ ಮಗಳನ್ನು ಊರಿನಲ್ಲಿಯೇ ಬಿಟ್ಟು, ಹದಿನೈದು ದಿನ ಒಂದು ಖಾನಾವಳಿಯಲ್ಲಿ ಉಂಡು, ಸಂಜೆಯಾದರೆ ಮನೆ ಹುಡುಕಲು ಹೊರಡುತ್ತಿದ್ದೆ.

ಎಂಟನೆಯ ದಿನ ಮನೆ ಸಿಕ್ಕಿತು. ಎರಡು ಕೋಣೆ, ಪಡಸಾಲೆ, ಹಿತ್ತಲಿನಲ್ಲಿ ಒಂದು ನುಗ್ಗೆ ಗಿಡ, ಅಂಗಳದಲ್ಲಿಯೇ ನಳ. ಬಾಡಿಗೆ ತಿಂಗಳಿಗೆ 300 ರೂಪಾಯಿ. ಮನೆಯೊಡತಿ ಒಬ್ಬ ವೃದ್ಧೆ, ಪಕ್ಕದ ಕೋಣೆಯಲ್ಲಿಯೇ ಇದ್ದಳು. ಎದುರಿಗೆ ಹಿಟ್ಟಿನ ಗಿರಣಿ, ಮೂಲೆಗೆ ಚಹಾದಂಗಡಿ. ಮರುದಿನ ಮುಂಗಡ ಕೊಡುತ್ತೇನೆಂದು ಹೇಳಿ ಬಂದೆ. ಆಫೀಸಿನಲ್ಲಿ ಈ ಸುದ್ದಿ ಹೇಳಿದಾಗ ನನ್ನ ಪಕ್ಕದ ಮೇಜಿನವರು ಪೆನ್ನು ಕೆಳಗಿಟ್ಟರು.

"ಮನಿ ಛಲೋ ಇರಬಹುದ್ರಿ. ಆದ್ರ ಆ ಕಡೆ ಬ್ಯಾಡ. ಸೆಟ್ಲಮೆಂಟ್ ಮಗ್ಗಲ್ದಾಗ ಐತಿ. ನೀವು ಹೆಂಡ್ರು ಮಕ್ಕಳು ಇದ್ದವ್ರು."

ಸೆಟ್ಲಮೆಂಟ್ ಎಂದರೇನು ಎಂದು ಕೇಳಿದೆ. "ಅದು ಕಳ್ಳರ ಓಣಿ ಅಲ್ರೀ. ಬ್ರಿಟಿಷರ ಕಾಲದಿಂದನೂ" ಎಂದರು. ಅಲ್ಲಿದ್ದ ನಾಲ್ಕೂ ಜನ ಹೌದೆಂದು ತಲೆಯಾಡಿಸಿದರು. ಆ ನಾಲ್ವರಲ್ಲಿ ಯಾರಾದರೂ ಆ ಓಣಿಯೊಳಗೆ ಒಮ್ಮೆಯಾದರೂ ಕಾಲಿಟ್ಟಿದ್ದಾರೆಯೇ ಎಂದು ಕೇಳುವುದು ನನಗೆ ಆಗ ಹೊಳೆಯಲಿಲ್ಲ. ಮರುದಿನ ಹೋಗಿ ಆ ವೃದ್ಧೆಗೆ, ಆಫೀಸು ದೂರವಾಗುತ್ತದೆ ಎಂದು ಒಂದು ಸುಳ್ಳು ಹೇಳಿದೆ. ಆಕೆ ನಕ್ಕಳು. "ಊರಾಗ ಯಾರೋ ಏನೋ ಹೇಳ್ಯಾರ ನಿಮಗ. ಇರಲಿ ಬಿಡೋ ಯಪ್ಪಾ" ಎಂದಳು. ಎಷ್ಟು ಜನರಿಗೆ ಹೀಗೆ ಹೇಳಿದ್ದಳೋ.

ನಾನು ಹಿಡಿದದ್ದು ಧಾರವಾಡ ರಸ್ತೆಯ ಕಡೆಗೆ ಆಗ ಬೆಳೆಯುತ್ತಿದ್ದ ಒಂದು ಬಡಾವಣೆಯಲ್ಲಿ, 450 ರೂಪಾಯಿ ಬಾಡಿಗೆಯ ಮನೆ. ನೌಕರದಾರರೇ ಇದ್ದ ಜಾಗ. ಎರಡು ಮನೆಗಳ ನಡುವೆ ಮೂರು ಖಾಲಿ ನಿವೇಶನ, ಅವುಗಳ ತುಂಬ ಜಾಲಿ. ಮುಂಜಾನೆ ಹತ್ತಕ್ಕೆ ಗಂಡಸರು ಆಫೀಸಿಗೆ, ಮಕ್ಕಳು ಶಾಲೆಗೆ ಹೋದರೆ ಸಂಜೆ ಐದರವರೆಗೆ ರಸ್ತೆಯಲ್ಲಿ ಮನುಷ್ಯರ ಸುಳಿವು ಇರುತ್ತಿರಲಿಲ್ಲ. ಆ ನಿಶ್ಶಬ್ದವನ್ನು ನಾನು ಭದ್ರತೆ ಎಂದು ತಿಳಿದೆ. ಎಲ್ಲರೂ ಹಾಗೆಯೇ ತಿಳಿದಿದ್ದರು. ತಿಂಗಳಿಗೆ 150 ರೂಪಾಯಿ ಹೆಚ್ಚು ಕೊಟ್ಟದ್ದು ಆ ನಿಶ್ಶಬ್ದಕ್ಕೇ.

ಆ ವರ್ಷದ ದೀಪಾವಳಿಗೆ ನಾಲ್ಕು ದಿನ ಊರಿಗೆ ಹೋಗಿ ಬಂದೆವು. ಮುಂದಿನ ಬಾಗಿಲಿಗೆ ಹಾಕಿದ ಕೀಲಿ ಹಾಕಿದಂತೆಯೇ ಇತ್ತು. ಹಿತ್ತಲ ಬಾಗಿಲು ಮಾತ್ರ ತೆರೆದು ಬಿದ್ದಿತ್ತು. ಹೆಂಡತಿಯ ತವರಿನ ಬೋರಮಾಳ ಸರ, ಒಂದು ಜೊತೆ ಬೆಳ್ಳಿ ಸಮೆ, ರೇಡಿಯೋ, ಟ್ರಂಕಿನಲ್ಲಿದ್ದ 1,200 ರೂಪಾಯಿ, ಎಲ್ಲ ಹೋಗಿದ್ದವು. ಸಾಮಾನು ಹೋದದ್ದಕ್ಕಿಂತ, ಯಾರದೋ ಕೈ ನಮ್ಮ ಮಗಳ ಅಂಗಿಗಳನ್ನೆಲ್ಲ ಎಳೆದು ಚೆಲ್ಲಿದ್ದು ನನ್ನ ಹೆಂಡತಿಗೆ ಬಹಳ ದಿನ ಹೋಗದ ಅಂಜಿಕೆಯಾಗಿ ಉಳಿಯಿತು.

ಠಾಣೆಗೆ ಹೋದೆ. ದೂರು ಬರೆದುಕೊಳ್ಳುತ್ತಿದ್ದ ಹವಾಲ್ದಾರರು ಕೊನೆಗೆ ಕೇಳಿದರು: "ಯಾರ ಮ್ಯಾಲರ ಸಂಶೇ ಐತೇನ್ರಿ?"

ಇಲ್ಲ ಎನ್ನುವುದು ಸತ್ಯವಾಗಿತ್ತು. ಆದರೆ ನನ್ನ ಜೊತೆಗೆ ಬಂದಿದ್ದ ನೆರೆಮನೆಯವರು, "ಆ ಬಾಂಡೆ ಮಾರಾಕಿ ವಾರದ ಹಿಂದ ಹಿತ್ತಲತನಾ ಬಂದಿದ್ಲಲ್ರಿ, ಸೆಟ್ಲಮೆಂಟ್‌ನಾಕಿ" ಎಂದು ನೆನಪು ಮಾಡಿದರು. ಹಳೆಯ ಬಟ್ಟೆಗೆ ಸ್ಟೀಲಿನ ಪಾತ್ರೆ ಕೊಡುವ ಒಬ್ಬ ಹೆಣ್ಣುಮಗಳು ನಮ್ಮ ಬಡಾವಣೆಗೆ ತಿಂಗಳಿಗೊಮ್ಮೆ ಬರುತ್ತಿದ್ದಳು. ನನ್ನ ಹೆಂಡತಿ ಆಕೆಯಿಂದ ಒಂದು ಡಬರಿ ತೆಗೆದುಕೊಂಡಿದ್ದಳು, ಕುಡಿಯಲು ನೀರು ಕೊಟ್ಟಿದ್ದಳು. "ಬಂದಿದ್ದು ಖರೆ" ಎಂದೆ ನಾನು. ಅಷ್ಟೇ ಹೇಳಿದ್ದು. ಹವಾಲ್ದಾರರು ಅದನ್ನು ಬರೆದುಕೊಂಡರು. ಬರೆದದ್ದನ್ನು ನಾನು ಓದಿದೆ, ಸಹಿ ಮಾಡಿದೆ.

ನಾಲ್ಕು ದಿನಗಳ ನಂತರ ಆ ಹೆಣ್ಣುಮಗಳು ನಮ್ಮ ಗೇಟಿನ ಹೊರಗೆ ನಿಂತಿದ್ದಳು. ತಲೆಯ ಮೇಲೆ ಬುಟ್ಟಿ ಇರಲಿಲ್ಲ. ಅವಳ ಮಗ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದವನು, ಇಪ್ಪತ್ತು ವರ್ಷದ ಹುಡುಗ. ಮೂರು ದಿನದಿಂದ ಠಾಣೆಯಲ್ಲಿದ್ದ.

"ಸಾವಕಾರ್ರ, ನಾ ನಿಮ್ಮ ಅಂಗಳದಾಗ ಕುಂತು ನೀರ ಕುಡದೀನಿ, ಹೌದು. ನನ್ನ ಮಗಾ ನಿಮ್ಮ ಮನಿ ಬಾಗಲಾ ಸೈತ ನೋಡಿಲ್ಲ. ಒಂದ ಮಾತ ಬಂದು ಹೇಳ್ರಿ."

ನಾನು ಹೋದೆ. ನನಗೆ ಯಾರ ಮೇಲೆಯೂ ಸಂಶಯವಿಲ್ಲ ಎಂದು ಬರೆದುಕೊಟ್ಟೆ. ಸಂಜೆ ಹುಡುಗನನ್ನು ಬಿಟ್ಟರು. ಗೋಡೆ ಹಿಡಿದುಕೊಂಡು ಹೊರಗೆ ಬಂದ. ನನ್ನ ಮುಖವನ್ನು ನೋಡಲಿಲ್ಲ. ನಾನೂ ಅವನ ಮುಖವನ್ನು ನೋಡಲಿಲ್ಲ.

ಎರಡು ತಿಂಗಳಾದ ಮೇಲೆ ಬೋರಮಾಳದ ಅರ್ಧ ಗುಂಡುಗಳು ಬೇರೊಂದು ಊರಿನ ಗಿರವಿ ಅಂಗಡಿಯಲ್ಲಿ ಸಿಕ್ಕವು. ಕದ್ದವರು ಇಬ್ಬರು ತರುಣರು. ನಮ್ಮ ಬಡಾವಣೆಯ ಹೊಸ ಮನೆಗಳಿಗೆ ಬಣ್ಣ ಹೊಡೆಯಲು ಬರುತ್ತಿದ್ದವರು. ಯಾವ ಮನೆಯವರು ಎಂದು ಊರಿಗೆ ಹೋಗುತ್ತಾರೆ, ಯಾವ ಹಿತ್ತಲ ಬಾಗಿಲ ಅಗುಳಿ ಸಡಿಲ ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಅವರಿಬ್ಬರೂ ಸೆಟ್ಲಮೆಂಟಿನವರಲ್ಲ. ಅವರು ಇದ್ದ ಓಣಿಗೆ ಊರಿನಲ್ಲಿ ಯಾವ ಹೆಸರೂ ಇರಲಿಲ್ಲ.

ಒಂದು ರವಿವಾರ ಆ ಹೆಣ್ಣುಮಗಳ ಮನೆಯನ್ನು ಕೇಳುತ್ತ ಸೆಟ್ಲಮೆಂಟಿಗೆ ಹೋದೆ. ತಪ್ಪಾಯಿತು ಎಂದು ಹೇಳಬೇಕಾಗಿತ್ತು. ಕೈಯಲ್ಲಿ ಒಂದು ಕಿಲೋ ಪೇಡೆಯ ಪೆಟ್ಟಿಗೆ ಇತ್ತು. ಅದನ್ನು ಹಿಡಿದುಕೊಂಡು ಹೋಗಲು ನನಗೇ ನಾಚಿಕೆಯಾಗಿತ್ತು. ಸಣ್ಣ ಸಣ್ಣ ಮನೆಗಳ ಸಾಲು. ಕಟ್ಟೆಯ ಮೇಲೆ ಹೆಂಗಸರು ಕುಳಿತು ಅಕ್ಕಿ ಆರಿಸುತ್ತಿದ್ದರು. ಮೂರು ಜನ ನನ್ನನ್ನು ತಡೆದು ಯಾರು ಬೇಕು ಎಂದು ಕೇಳಿದರು. ನಮ್ಮ ಬಡಾವಣೆಯಲ್ಲಿ ಕಳ್ಳರನ್ನು ಒಬ್ಬರೂ ಹಾಗೆ ಕೇಳಿರಲಿಲ್ಲ.

ಹುಡುಗ ಮನೆಯಲ್ಲಿರಲಿಲ್ಲ. ಅವನ ಅಜ್ಜ ಹೊರಸಿನ ಮೇಲೆ ಕುಳಿತಿದ್ದ. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತನಾದವನು. ನಾನು ಹೇಳಬೇಕಾದದ್ದನ್ನು ಹೇಳಿದೆ. ಆತ ಪೇಡೆಯ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಚಹಾ ತರಿಸಿ, ತನ್ನ ಕಥೆ ಹೇಳಿದ.

"ನಾ ಹುಟ್ಟಿದ್ದು ತಂತಿ ಒಳಗರಿ" ಎಂದ.

ಆಗ ನನಗೆ ತಿಳಿವಳಿಕೆ ಕಡಿಮೆ. "ಏನ್ ಮಾಡಿದ್ರ ಒಳಗ ಹಾಕಿದ್ರು?" ಎಂದು ಕೇಳಿಬಿಟ್ಟೆ.

"ಹುಟ್ಟಿದ್ನೆಲ್ರಿ. ಅಷ್ಟ."

ಸುತ್ತಲೂ ತಂತಿಬೇಲಿ, ಒಂದೇ ಬಾಗಿಲು. ದಿನವೂ ಹಾಜರಿ. ಹೆಸರು ಕೂಗಿದಾಗ ಎದ್ದು ನಿಂತು ಓ ಎನ್ನಬೇಕು. ಅವನ ತಂದೆ ನೂಲಿನ ಗಿರಣಿಗೆ ಹೋಗುತ್ತಿದ್ದ. ಭೋಂಗಾ ಆದಾಗ ಹೋಗಬೇಕು, ಭೋಂಗಾ ಆದಾಗ ಬರಬೇಕು. ನಡುವೆ ಎಲ್ಲಿಯೂ ನಿಲ್ಲುವಂತಿಲ್ಲ. ಗದಗಿಗೆ ಒಂದು ಮದುವೆಗೆ ಹೋಗಬೇಕಾದರೆ ಪಾಸು ಬೇಕು. ಪಾಸು ಬರುವುದರೊಳಗೆ ಮದುವೆ ಮುಗಿದುಹೋಗಿತ್ತು ಎಂದು ಹೇಳಿ ಆತ ನಕ್ಕ. "ಇಲ್ಲಿ ಕಳವು ಮಾಡವ್ರ ಇರಲಿಲ್ಲ ಅಂತ ನಾ ಹೇಳೂದಿಲ್ರಿ. ಇದ್ರು. ನಿಮ್ಮ ಓಣ್ಯಾಗೂ ಇರತಾರ. ನಿಮ್ಮ ಓಣ್ಯಾಗ ಒಬ್ಬ ಕದ್ದರ ಒಬ್ಬನ್ನ ಹಿಡೀತಾರ. ಇಲ್ಲೆ ಒಬ್ಬ ಕದ್ದರ ಓಣಿನ್ನ ಹಿಡೀತಾರ."

ಅಲ್ಲಿಂದ ಬಂದ ಮೇಲೆ ರಜೆಯ ದಿನಗಳಲ್ಲಿ ಧಾರವಾಡಕ್ಕೆ ಹೋಗಿ ಗ್ರಂಥಾಲಯದಲ್ಲಿ ಹಳೆಯ ಕಾಯದೆಗಳನ್ನೂ ವರದಿಗಳನ್ನೂ ಓದಿದೆ. ಇತಿಹಾಸ ನನ್ನ ವಿಷಯವಲ್ಲ. ನನ್ನ ಸಹಿಯ ಹಿಂದೆ ಏನಿತ್ತು ಎಂದು ತಿಳಿಯಬೇಕಾಗಿತ್ತು.

ಸಂಗತಿ ಶುರುವಾಗುವುದು 1871ರಲ್ಲಿ. ಆ ವರ್ಷ ಬ್ರಿಟಿಷ್ ಸರಕಾರ ಅಪರಾಧಿ ಬುಡಕಟ್ಟುಗಳ ಕಾಯದೆ ಮಾಡಿತು. ಇಲ್ಲಿ ಬಡಿಗನ ಮಗ ಬಡಿಗ, ಕಮ್ಮಾರನ ಮಗ ಕಮ್ಮಾರ. ಹಾಗೆಯೇ ಕಳ್ಳನ ಮಗ ಕಳ್ಳನಾಗಿರಬೇಕು ಎಂಬುದು ಆಗಿನ ಅಧಿಕಾರಿಗಳ ತರ್ಕ. ಮೊದಲಿಗೆ ಅದು ಉತ್ತರದ ಪ್ರಾಂತಗಳಿಗೆ ಮಾತ್ರ ಇತ್ತು. 1911ರಲ್ಲಿ ಹೊಸ ಕಾಯದೆ ಮಾಡಿ ಇಡೀ ಬ್ರಿಟಿಷ್ ಭಾರತಕ್ಕೆ ಹಬ್ಬಿಸಿದರು. 1924ರಲ್ಲಿ ಮತ್ತೆ ತಿದ್ದಿ ಒಂದುಗೂಡಿಸಿದರು. ಒಂದು ಸಮುದಾಯವನ್ನು ಅಪರಾಧಿ ಎಂದು ಸರಕಾರ ಪ್ರಕಟಿಸಿದರೆ ಅದನ್ನು ಯಾವ ನ್ಯಾಯಾಲಯದಲ್ಲಿಯೂ ಪ್ರಶ್ನಿಸುವಂತಿರಲಿಲ್ಲ. ಹೆಸರು ದಾಖಲಾದವನು ಬೆರಳಚ್ಚು ಕೊಡಬೇಕು, ಗೊತ್ತುಪಡಿಸಿದ ವೇಳೆಗೆ ಹಾಜರಿ ಹಾಕಬೇಕು. ಕಳವು ಮಾಡಲು ಹೊಂಚುತ್ತಿದ್ದಾನೆ ಎಂದು ನ್ಯಾಯಾಲಯಕ್ಕೆ ಅನಿಸುವಂಥ ಸ್ಥಿತಿಯಲ್ಲಿ ಸಿಕ್ಕರೆ ಮೂರು ವರ್ಷದವರೆಗೆ ಸೆರೆಮನೆ. ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಬೇರೆ ಶಾಲೆಗಳಲ್ಲಿ ಇಡುವ ಅಧಿಕಾರವೂ ಸರಕಾರಕ್ಕೆ ಇತ್ತು.

ಯಾರು ಈ ಜನ? ನಮ್ಮ ಕಡೆಯ ಉದಾಹರಣೆಯನ್ನೇ ಹೇಳುತ್ತೇನೆ. ಕೊರವರಲ್ಲಿ ಉಪ್ಪಿನ ಕೊರವರೆಂದು ಒಂದು ಪಂಗಡವಿದೆ. ಕರಾವಳಿಯಿಂದ ಉಪ್ಪನ್ನು ಎತ್ತು ಕತ್ತೆಗಳ ಮೇಲೆ ಹೇರಿ ಘಟ್ಟ ಹತ್ತಿಸಿ ಬಯಲುಸೀಮೆಗೆ ತಂದು, ಕಾಳುಕಡಿ ಕೊಂಡು ಹೋಗುತ್ತಿದ್ದವರು. ಲಂಬಾಣಿಗಳು ಹದಿನೆಂಟನೆಯ ಶತಮಾನದ ಯುದ್ಧಗಳಲ್ಲಿ ದಂಡುಗಳಿಗೆ ಧಾನ್ಯ ಸಾಗಿಸಿದವರು. ಊರಿನಿಂದ ಊರಿಗೆ ಹೋಗುವುದೇ ಅವರ ಕಸುಬು. ಬ್ರಿಟಿಷರ ಉಪ್ಪಿನ ತೆರಿಗೆ ಬಂತು, ಅರಣ್ಯ ಕಾನೂನು ಬಂತು, ಕೊನೆಗೆ ರೈಲು ಬಂತು. 1880ರ ದಶಕದಲ್ಲಿ ದಕ್ಷಿಣ ಮರಾಠಾ ರೈಲ್ವೆ ಹುಬ್ಬಳ್ಳಿಯನ್ನು ಮುಟ್ಟಿತು. ರೈಲಿನ ಒಂದು ಡಬ್ಬಿ ಹೊತ್ತಷ್ಟನ್ನು ಹೊರಲು ಎಷ್ಟು ಎತ್ತು ಬೇಕು? ಕಸುಬು ಹೋದರೂ ತಿರುಗಾಟ ಉಳಿಯಿತು. ಕಸುಬಿಲ್ಲದೆ ತಿರುಗುವವನು ಸರಕಾರದ ಕಣ್ಣಿಗೆ ಕಳ್ಳನಾಗಿ ಕಂಡ. ಹಸಿದವರಲ್ಲಿ ಕೆಲವರು ಕದ್ದದ್ದೂ ಉಂಟು. ಪಟ್ಟಿಗೆ ಮಾತ್ರ ಎಲ್ಲರ ಹೆಸರೂ ಸೇರಿತು.

ಮುಂಬಯಿ ಪ್ರಾಂತದಲ್ಲಿ ಇವರನ್ನು ಒಂದೆಡೆ ನಿಲ್ಲಿಸುವ ಕೆಲಸ 1910ರ ಸುಮಾರಿಗೆ ವಿಜಾಪುರದಲ್ಲಿ ಶುರುವಾಯಿತು. ಅದರ ಮುಂದಾಳು ಸ್ಟಾರ್ಟೆ ಎಂಬ ಐಸಿಎಸ್ ಅಧಿಕಾರಿ. ಅನಂತರ ಹುಬ್ಬಳ್ಳಿ, ಗದಗು, ಸೊಲ್ಲಾಪುರಗಳಲ್ಲಿಯೂ ಇಂಥ ವಸತಿಗಳಾದವು. ಸ್ಟಾರ್ಟೆ ಕ್ರೂರಿಯಲ್ಲ. ದುಡಿಮೆ, ಶಾಲೆ, ಶಿಸ್ತು ಇವುಗಳಿಂದ ಈ ಜನ ಸುಧಾರಿಸುತ್ತಾರೆ ಎಂದು ನಂಬಿದ್ದವರು. ವರ್ಷಗಟ್ಟಲೆ ಒಳ್ಳೆಯ ನಡತೆ ತೋರಿದ ಕುಟುಂಬಗಳನ್ನು ತಂತಿಯ ಹೊರಗಿನ ಸ್ವತಂತ್ರ ಕಾಲೋನಿಗೆ ಕಳಿಸುವ ಏರ್ಪಾಡೂ ಇತ್ತು. ಆದರೆ ವಸತಿಗಳನ್ನು ಎಲ್ಲಿ ಕಟ್ಟಿದರು ಎಂಬುದನ್ನು ನೋಡಬೇಕು. ಅಗ್ಗದ ಕೂಲಿಗಳು ಬೇಕಾಗಿದ್ದ ಗಿರಣಿಯೂರುಗಳಲ್ಲಿ, ರೈಲ್ವೆಯೂರುಗಳಲ್ಲಿ. ಕೆಲಸ ಬಿಟ್ಟು ಓಡಿಹೋಗಲಾರದ ಕೂಲಿಯವನಿಗಿಂತ ಗಿರಣಿಗೆ ಇನ್ನೇನು ಬೇಕು? ತಲೆತಲಾಂತರದ ಹೇರಾಟವನ್ನು ರೈಲು ನುಂಗಿತು. ಅದೇ ರೈಲಿನ ವರ್ಕ್‌ಶಾಪಿನಲ್ಲಿ ನಾನು ಕಂಡ ಅಜ್ಜನ ಆಯುಷ್ಯ ಕಳೆಯಿತು.

ಮುಂಬಯಿ ಸರಕಾರ 1949ರಲ್ಲಿ ತನ್ನ ಪ್ರಾಂತದಲ್ಲಿ ಕಾಯದೆಯನ್ನು ತೆಗೆದುಹಾಕಿತು. ಅದೇ ವರ್ಷ ಅನಂತಶಯನಂ ಅಯ್ಯಂಗಾರರ ಅಧ್ಯಕ್ಷತೆಯಲ್ಲಿ ಕೇಂದ್ರ ಸರಕಾರ ಒಂದು ಸಮಿತಿ ನೇಮಿಸಿತು. ಕೊನೆಗೆ 1952ರ ಆಗಸ್ಟ್ 31ರಂದು ದೇಶದಲ್ಲೆಲ್ಲ ಕಾಯದೆ ರದ್ದಾಯಿತು. ಆ ದಿನವನ್ನು ಈ ಸಮುದಾಯಗಳು ವಿಮುಕ್ತ ದಿನವೆಂದು ಆಚರಿಸುತ್ತವೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷ ಹದಿನಾರು ದಿನಗಳಾಗಿದ್ದವು. ಆದರೆ ಒಂದು ಬಾಗಿಲು ಮುಚ್ಚಿದಂತೆ ಇನ್ನೊಂದು ತೆರೆಯಿತು. ರೂಢಿಗತ ಅಪರಾಧಿಗಳ ಕಾಯದೆಗಳು ರಾಜ್ಯ ರಾಜ್ಯಗಳಲ್ಲಿ ಬಂದವು. ನಮ್ಮಲ್ಲಿ 1961ರಲ್ಲಿ. ಅವು ಜಾತಿಯ ಹೆಸರು ಹೇಳುವುದಿಲ್ಲ, ವ್ಯಕ್ತಿಯ ಹೆಸರು ಹೇಳುತ್ತವೆ. ಆ ವ್ಯಕ್ತಿಯನ್ನು ಹುಡುಕುವ ಪೊಲೀಸು ಮಾತ್ರ ಹಳೆಯ ಓಣಿಗೇ ಹೋಗುತ್ತಾನೆ.

ಇನ್ನೊಂದು ಸಂಗತಿ ಆ ಅಜ್ಜನಿಂದಲ್ಲ, ಸರಕಾರಿ ಪಟ್ಟಿಯಿಂದಲೇ ತಿಳಿದದ್ದು. ನಮ್ಮ ರಾಜ್ಯದ ಪರಿಶಿಷ್ಟ ಜಾತಿಗಳ ಯಾದಿಯಲ್ಲಿ ಗಂಟಿಚೋರ ಎಂದು ಒಂದು ಸಮುದಾಯದ ಹೆಸರಿದೆ. ಶಾಲೆಗೆ ಸೇರುವ ಮಗು ತನ್ನ ಹಕ್ಕಿನ ಸೌಲಭ್ಯ ಪಡೆಯಬೇಕಾದರೆ ಸರಕಾರದ ಮೊಹರಿನ ಕೆಳಗೆ ಚೋರ ಎಂಬ ಶಬ್ದ ಇರುವ ಕಾಗದವನ್ನು ಗುರುಗಳ ಮುಂದೆ ಇಡಬೇಕು. "ತಂತಿ ಕಿತ್ತು ಗುಜರಿಗೆ ಹಾಕಿದ್ರು ಬಿಡ್ರಿ. ಹೆಸರ ಯಾರು ಕೀಳಬೇಕು?" ಎಂದು ಅಜ್ಜ ಕೇಳಿದ್ದು ಈ ಪಟ್ಟಿ ನೋಡಿದಾಗ ನೆನಪಾಯಿತು.

ಇಷ್ಟು ಓದಿದ ಮೇಲೆ ನನ್ನ ಆಫೀಸಿನ ನಾಲ್ವರು ಸ್ನೇಹಿತರ ಮೇಲೆ ಸಿಟ್ಟು ಬರಲಿಲ್ಲ. ಅವರು ಕೆಟ್ಟವರಲ್ಲ. 1986ರಲ್ಲಿ ಅವರು ನನಗೆ ಕೊಟ್ಟದ್ದು ಊರಿನ ಸುದ್ದಿಯನ್ನಲ್ಲ, ಮೂವತ್ತೇಳು ವರ್ಷ ಹಿಂದೆ ಸತ್ತ ಒಂದು ಕಾಯದೆಯನ್ನು. ಅದು ಅವರಿಗೂ ಗೊತ್ತಿರಲಿಲ್ಲ.

ಹಾಗಾದರೆ ಊರಿನಲ್ಲಿ ಅಪರಾಧ ಹೆಚ್ಚುತ್ತಿದೆ ಎಂಬ ಅಂಜಿಕೆ ಸುಳ್ಳೇ? ಸುಳ್ಳಲ್ಲ. ನನ್ನ ಮನೆ ಒಡೆದದ್ದು ನಿಜ. ಆದರೆ ಲೆಕ್ಕವನ್ನು ಲೆಕ್ಕದಂತೆ ನೋಡಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ 1971ರಲ್ಲಿ ಸುಮಾರು 3 ಲಕ್ಷ 79 ಸಾವಿರ ಜನರಿದ್ದರು. 1981ಕ್ಕೆ 5 ಲಕ್ಷ 27 ಸಾವಿರವಾದರು. ಜನ ಇಷ್ಟು ಬೆಳೆದಾಗ ಕಳವಿನ ಸಂಖ್ಯೆ ಬೆಳೆಯದೆ ಇದ್ದರೇ ಆಶ್ಚರ್ಯ. ಲಕ್ಷ ಜನಕ್ಕೆ ಎಷ್ಟು ಎಂದು ಭಾಗಿಸಿ ನೋಡುವವರೆಗೆ ಹೆಚ್ಚಿತು ಎಂಬ ಮಾತಿಗೆ ಅರ್ಥವಿಲ್ಲ. ದೇಶದ ಅಪರಾಧಗಳ ವಾರ್ಷಿಕ ಲೆಕ್ಕ 1953ರಿಂದ ಪ್ರಕಟವಾಗುತ್ತ ಬಂದಿದೆ. ಅದು ಎಣಿಸುವುದು ನಡೆದ ಅಪರಾಧಗಳನ್ನಲ್ಲ, ದಾಖಲಾದ ಪ್ರಕರಣಗಳನ್ನು. ಒಂದೇ ಘಟನೆಯಲ್ಲಿ ಹಲವು ಅಪರಾಧಗಳಿದ್ದರೆ ಅವುಗಳಲ್ಲಿ ದೊಡ್ಡದನ್ನಷ್ಟೇ ಹಿಡಿಯುತ್ತದೆ. ದೂರು ಬರೆದುಕೊಳ್ಳುವ ಠಾಣೆಯ ಅಂಕಿ ಏರುತ್ತದೆ. ಬಂದವರನ್ನು ಬೈದು ಕಳಿಸುವ ಠಾಣೆಯ ಊರು ಪುಸ್ತಕದಲ್ಲಿ ರಾಮರಾಜ್ಯವಾಗುತ್ತದೆ. ನನ್ನ ದೂರು ಪಟ್ಟಿಯಲ್ಲಿ ಒಂದು ಕಳವಾಗಿ ಸೇರಿತು. ಆ ಹುಡುಗ ಠಾಣೆಯಲ್ಲಿ ಕಳೆದ ಮೂರು ದಿನ ಯಾವ ಪಟ್ಟಿಗೂ ಸೇರಲಿಲ್ಲ.

1988ರಲ್ಲಿ ನಾವು ಮನೆ ಬದಲಿಸಿದೆವು. ನುಗ್ಗೆ ಗಿಡದ ಮನೆಗೆ ಬೇರೆಯವರು ಬಂದಿದ್ದರು. ಅಲ್ಲಿಂದ ಎರಡು ಓಣಿ ಆಚೆ ಒಂದು ಮನೆ ಸಿಕ್ಕಿತು. ಹೆಂಡತಿ ಮೊದಲು ಒಪ್ಪಲಿಲ್ಲ. ಆಕೆಯ ಅಂಜಿಕೆಯನ್ನು ನಾನು ಹಗುರಾಗಿ ನೋಡಲಿಲ್ಲ. ಕಳವಾದ ಮನೆಯಲ್ಲಿ ಹಗಲೆಲ್ಲ ಒಬ್ಬಳೇ ಇದ್ದವಳು ಅವಳು. ಅವಳೇ ಸಂಜೆಯ ಹೊತ್ತು ಎರಡು ಸಲ ಹೋಗಿ, ಗಿರಣಿಯ ಮುಂದೆ ಪಾಳಿಗೆ ನಿಂತ ಹೆಂಗಸರೊಡನೆ ಮಾತಾಡಿ ಬಂದಳು. ರಾತ್ರಿ ಎಂಟಕ್ಕೆ ಹುಡುಗಿಯರು ನಳಕ್ಕೆ ಬರುತ್ತಾರೆಯೇ, ಸೆರೆಯಂಗಡಿ ಎಷ್ಟು ದೂರ, ಗದ್ದಲವಾದರೆ ಬಾಗಿಲು ತೆರೆಯುತ್ತಾರೋ ಮುಚ್ಚುತ್ತಾರೋ, ಇಂಥವನ್ನು ಕೇಳಿದಳಂತೆ. ನನಗಾಗಲಿ ನನ್ನ ನಾಲ್ವರು ಸ್ನೇಹಿತರಿಗಾಗಲಿ ಇಂಥ ಒಂದು ಪ್ರಶ್ನೆಯೂ ಹೊಳೆದಿರಲಿಲ್ಲ. ಅಮೆರಿಕದ ಜೇನ್ ಜೇಕಬ್ಸ್ ಎಂಬ ಲೇಖಕಿ 1961ರಲ್ಲಿ ಬರೆದ ನಗರಗಳ ಕುರಿತಾದ ಪುಸ್ತಕದಲ್ಲಿ ರಸ್ತೆಯನ್ನು ಕಾಯುವುದು ಪೊಲೀಸರಿಗಿಂತ ಹೆಚ್ಚಾಗಿ ಅಲ್ಲಿಯ ಜನರ ಕಣ್ಣುಗಳು ಎಂದು ವಾದಿಸಿದ್ದನ್ನು ನಾನು ಬಹಳ ತಡವಾಗಿ ತಿಳಿದೆ. ನನ್ನ ಹೆಂಡತಿ ಆ ಪುಸ್ತಕವನ್ನು ಓದಿರಲಿಲ್ಲ.

ಆ ಮನೆಯಲ್ಲಿ ಆರು ವರ್ಷ ಇದ್ದೆವು. ಒಂದು ದಿನವೂ ಕಳವಾಗಲಿಲ್ಲ ಎಂದು ಬರೆದರೆ ಕಥೆ ಚೆನ್ನಾಗಿ ಮುಗಿಯುತ್ತಿತ್ತು. ಹಾಗಾಗಲಿಲ್ಲ. ಒಂದು ಸೈಕಲ್ಲು ಹೋಯಿತು, ಸಿಗಲೇ ಇಲ್ಲ. ಕುಡಿದವರ ಜಗಳ ತಿಂಗಳಿಗೆರಡು ಸಲ ಇರುತ್ತಿತ್ತು. ಆದರೆ ಊರಿಗೆ ಹೋಗುವಾಗ ಎದುರು ಮನೆಯವರಿಗೆ ಕೀಲಿ ಕೊಟ್ಟು ಹೋಗುತ್ತಿದ್ದೆವು. ಸೈಕಲ್ಲಿನ ದೂರು ಕೊಡಲು ಹೋದಾಗ ಬೇರೊಬ್ಬ ಹವಾಲ್ದಾರರು ಅದೇ ಹಳೆಯ ಪ್ರಶ್ನೆ ಕೇಳಿದರು. ಇಲ್ಲ ಎಂದೆ. "ನೀವು ಇರೂ ಜಾಗಾ ನೋಡಿದ್ರ..." ಎಂದು ಅವರು ಶುರುಮಾಡಿದರು. ಇಲ್ಲ ಎಂದು ಬರೆದುಕೊಳ್ಳಿ ಎಂದೆ. ಬರೆದದ್ದನ್ನು ಎರಡು ಸಲ ಓದಿ ಸಹಿ ಮಾಡಿದೆ.

ಬಾಂಡೆ ಮಾರುವವಳು ಆ ಮನೆಗೂ ಒಂದೆರಡು ಸಲ ಬಂದಳು. ನನ್ನ ಹೆಂಡತಿಯೊಡನೆ ಮಾತಾಡುತ್ತಿದ್ದಳು, ಹಳೆಯ ಬಟ್ಟೆಯ ಬೆಲೆಗೆ ಎಂದಿನಂತೆ ಜಗಳವಾಡುತ್ತಿದ್ದಳು. ನೀರು ಮಾತ್ರ ಕೇಳಲಿಲ್ಲ. ನಾವು ಕೊಟ್ಟರೂ ಬ್ಯಾಡವ್ವಾ, ಈಗ ಕುಡದು ಬಂದೀನಿ ಎನ್ನುತ್ತಿದ್ದಳು. ಆ ಹುಡುಗ ಲಾರಿಯ ಕೆಲಸ ಹಿಡಿದು ಬೇರೆ ಊರಿಗೆ ಹೋದನೆಂದು ಅವಳಿಂದಲೇ ತಿಳಿಯಿತು. ಅವನಿಗೆ ತಪ್ಪಾಯಿತೆಂದು ಹೇಳುವ ಅವಕಾಶ ನನಗೆ ಸಿಗಲಿಲ್ಲ. ಸಿಗುವಷ್ಟು ನಾನು ಹುಡುಕಲೂ ಇಲ್ಲ.

2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಸೆರೆಮನೆಗಳ ಕೈಪಿಡಿಗಳಲ್ಲಿದ್ದ ಜಾತಿಭೇದದ ನಿಯಮಗಳನ್ನು ರದ್ದುಮಾಡಿತು. ವಿಮುಕ್ತ ಬುಡಕಟ್ಟುಗಳವರನ್ನು ಹುಟ್ಟಿನಿಂದಲೇ ರೂಢಿಗತ ಅಪರಾಧಿಗಳೆಂಬಂತೆ ಕಾಣುವ ಮಾತುಗಳು ಅವುಗಳಲ್ಲಿ ಅಷ್ಟು ವರ್ಷ ಉಳಿದುಕೊಂಡಿದ್ದವು. 1871ರಿಂದ ಎಣಿಸಿದರೆ 153 ವರ್ಷ. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಕತ್ತರಿಸಿ ಇಟ್ಟುಕೊಂಡಿದ್ದೇನೆ.

ನನ್ನ ಮಗಳು 2011ರಲ್ಲಿ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದಳು. ಮನೆ ಹುಡುಕಲು ಜೊತೆಗೆ ನಾನೂ ಹೋಗಿದ್ದೆ. ಆ ವರ್ಷದ ಜನಗಣತಿಯಲ್ಲಿ ಆ ಊರು 84 ಲಕ್ಷವಾಗಿತ್ತು. ದಲ್ಲಾಳಿ ಒಂದು ಮನೆ ತೋರಿಸಿ, ಇನ್ನೊಂದರ ಹೆಸರು ಬಂದಾಗ ಮೂಗು ಮುರಿದ. ಆ ಏರಿಯಾ ಸರಿಯಿಲ್ಲ ಸಾರ್, ಅಲ್ಲಿ ಇರುವ ಜನ ಎಂಥವರು ಅಂತ ನಿಮಗೆ ಗೊತ್ತಿಲ್ಲ ಎಂದ. ನೀವು ನೋಡಿದ್ದೀರಾ ಎಂದೆ. ಎಲ್ಲರೂ ಹೇಳುತ್ತಾರೆ ಸಾರ್ ಎಂದ.

ಮಗಳು ನನ್ನ ಮುಖ ನೋಡಿದಳು. ಅವಳ ಅಂಗಿಗಳು ನೆಲದ ಮೇಲೆ ಚೆಲ್ಲಿ ಬಿದ್ದಿದ್ದ ಆ ದಿನ ಅವಳಿಗೆ ಅಷ್ಟಿಷ್ಟು ನೆನಪಿದೆ. ಹುಡುಗನ ವಿಷಯ ಅವಳಿಗೆ ಗೊತ್ತಿರಲಿಲ್ಲ. ಅಂದು ಮಧ್ಯಾಹ್ನ ಹೋಟೆಲಿನಲ್ಲಿ ಊಟ ಮಾಡುವಾಗ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಹಾಗಾದರೆ ಈಗ ಹೋಗುವುದು ಬೇಡ ಅಪ್ಪಾ" ಎಂದಳು. "ಸಂಜೆ ಏಳರ ಮೇಲೆ ಹೋಗೋಣ. ಅಲ್ಲಿಯ ಹೆಂಗಸರನ್ನೇ ಕೇಳೋಣ."